ಕಿಲ್ಟ್ ಹೊಲಿಯುವವರು

ಸ್ಕಾಟ್ಲೆಂಡಿನ ಗಂಡಸರುಡುವ ಕಿಲ್ಟನ್ನು ಚಿತ್ರದಲ್ಲಿ ಕಂಡು ನಾವು ನಕ್ಕಿರಬಹುದು; ಪಂಚೆಯುಡುವ ನಾವು ನಗಬಾರದಿತ್ತು. ಸಂಪ್ರದಾಯದ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಬಟ್ಟೆ ಬೇಕು. ಹಿಂಬದಿಯ ನಿರಿಗೆಗಳಲ್ಲಿಯೂ ಚೌಕಳಿ ಮುರಿಯದೆ ಕೂಡಿಬರಬೇಕು. ಒಂದೊಂದು ನಿರಿಗೆಯೂ ಸೊಂಟದತ್ತ ಕಿರಿದಾಗುತ್ತ ಸಾಗಬೇಕು. ಎಲ್ಲವೂ ಕೈಹೊಲಿಗೆ, ದಿನಗಳ ಕೆಲಸ. ಹೊಲಿಗೆ ಚೆನ್ನಾದಷ್ಟೂ ಕಣ್ಣಿಗೆ ಕಾಣದು; ಕಾಣದ ಶ್ರಮಕ್ಕೆ ಮಜೂರಿ ಕೇಳುವುದು ಸುಲಭವಲ್ಲ.

2000ದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಜೇಬುಗಳುಳ್ಳ, ದಪ್ಪ ಹತ್ತಿಬಟ್ಟೆಯ ಹೊಸ ಬಗೆಯ ಕಿಲ್ಟುಗಳ ವ್ಯಾಪಾರ ಮೊದಲಾಯಿತು. ಯಂತ್ರದ ಹೊಲಿಗೆ, ಬೇಗ ಮುಗಿಯುವ ಕೆಲಸ. ಇದು ಕಿಲ್ಟೇ ಅಲ್ಲವೆಂದು ಹಳಬರು ಅಂದಾರು, ನಾವು ಹಾಗೆನ್ನಲಾರೆವು. ದುಡಿಮೆಯ ದಿನ ಇದನ್ನುಟ್ಟವನು ಮದುವೆಗೆ ಉಣ್ಣೆಯದನ್ನೇ ಬಯಸಿಯಾನು. ಆಗ ಚೌಕಳಿ ಕೂಡಿಸಬಲ್ಲ ಕೈ ಅವನ ಊರಿನಲ್ಲಿ ಉಳಿದಿದ್ದರೆ ಸರಿ.