22 ಕಿಲೋಬೈಟಿನೊಳಗಿನ ಬ್ರಹ್ಮಾಂಡ

ಆಟವೆಂದರೆ ಕಾಲಹರಣ, ಪಾಠವೆಂದರೆ ಕಾಲದ ಸದುಪಯೋಗ ಎಂದು ನಾವು ಹಿರಿಯರು ಬಹುಕಾಲದಿಂದ ಪಾಲು ಹಂಚಿಟ್ಟಿದ್ದೇವೆ. ಗೋಲಿ, ಬುಗುರಿ, ಚಿನ್ನಿದಾಂಡುಗಳ ಕಾಲದಲ್ಲಿಯೂ ಈ ಮಾತಿತ್ತು. ಅಂಗೈಯ ಮೊಬೈಲಿನಲ್ಲಿ ಮಕ್ಕಳು ವಿಡಿಯೊ ಆಟಗಳನ್ನಾಡುವ ಈ ಕಾಲದಲ್ಲಿಯೂ ಇದೆ. ಈ ವ್ಯಾಜ್ಯಕ್ಕೆ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಆಟವಾಡುವ ಹುಡುಗರೇ ಆಟವನ್ನು ಕಟ್ಟುವವರೂ ಆಗಿದ್ದ ಒಂದು ಕಾಲವಿತ್ತು. ಅದು ಹೇಗೆ ಸಾಧ್ಯವಾಯಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ. ಆ ಕಾಲ 1980ರ ದಶಕ. ಆ ದೇಶ ಇಂಗ್ಲೆಂಡು.

ಕಂಪ್ಯೂಟರು ಎಂಬುದು ಮೊದಲು ವಿಶ್ವವಿದ್ಯಾನಿಲಯಗಳಲ್ಲಿಯೂ ದೊಡ್ಡ ಕಚೇರಿಗಳಲ್ಲಿಯೂ ಬೀರುವಿನ ಗಾತ್ರದಲ್ಲಿ ನಿಂತಿದ್ದ ಯಂತ್ರ. 1970ರ ದಶಕದ ಕೊನೆಯ ಹೊತ್ತಿಗೆ ಅದು ಕಿರಿದಾಗಿ ಮನೆಯ ಮೇಜಿನ ಮೇಲೆ ಬಂದು ಕುಳಿತಿತು. ಅಂಥವುಗಳಲ್ಲಿ ಒಂದು, ಕೇಂಬ್ರಿಜಿನ ಏಕಾರ್ನ್ ಕಂಪೆನಿಯವರು 1981ರ ಡಿಸೆಂಬರಿನಲ್ಲಿ ಹೊರತಂದ ಬಿ.ಬಿ.ಸಿ. ಮೈಕ್ರೊ. ಪ್ರಸಾರ ಸಂಸ್ಥೆಯ ಹೆಸರು ಯಂತ್ರಕ್ಕೆ ಬಂದುದು ಹೇಗೆ ಎಂದು ನೀವು ಕೇಳಬಹುದು. ಜನಸಾಮಾನ್ಯರಿಗೆ ಕಂಪ್ಯೂಟರಿನ ವಿದ್ಯೆಯನ್ನು ಕಲಿಸಬೇಕೆಂದು ಬಿ.ಬಿ.ಸಿ. ಸಂಸ್ಥೆ 1982ರಲ್ಲಿ ಟೆಲಿವಿಷನ್ ಪಾಠಗಳನ್ನು ಆರಂಭಿಸಿತು. ಪಾಠ ನೋಡಿದವರು ಅಭ್ಯಾಸಮಾಡಲು ಒಂದು ಯಂತ್ರ ಬೇಕಷ್ಟೆ? ಅದಕ್ಕಾಗಿಯೇ ಆರಿಸಿಕೊಂಡ ಯಂತ್ರವಿದು.

ಈ ಯಂತ್ರದ ಗುಂಡಿಯನ್ನೊತ್ತಿದರೆ ಇಂದಿನಂತೆ ಬಣ್ಣಬಣ್ಣದ ಚಿತ್ರಗಳು ಕಾಣುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಗುರುತು ಮೂಡಿ, ‘ಏನಪ್ಪಣೆ?’ ಎಂದು ಕೇಳುವ ಆಳಿನಂತೆ ಕಾದು ನಿಲ್ಲುತ್ತಿತ್ತು. ಬೇಸಿಕ್ ಎಂಬ ಸುಲಭವಾದ ಗಣಕಭಾಷೆಯಲ್ಲಿ ಅಪ್ಪಣೆಯಿತ್ತರೆ ನಡೆಸುವುದು. ತಪ್ಪಿದ್ದರೆ ತಪ್ಪೆಂದು ಹೇಳುವುದು. ಪತ್ರಿಕೆಗಳು ಆಟದ ಕ್ರಮವಿಧಿಯನ್ನು ಸಾಲುಸಾಲಾಗಿ ಅಚ್ಚುಮಾಡುತ್ತಿದ್ದವು. ಹುಡುಗರು ಅದನ್ನು ನೋಡಿ ಬೆರಳಚ್ಚು ಮಾಡುವರು, ಒಂದು ಅಲ್ಪವಿರಾಮ ಬಿಟ್ಟುಹೋದರೂ ಆಟ ನಿಂತುಬಿಡುವುದು, ತಪ್ಪನ್ನು ಹುಡುಕುವರು. ಹುಡುಕುತ್ತ ಹುಡುಕುತ್ತ ಆಟದ ಒಡಲು ಅರ್ಥವಾಗುವುದು. ಆಮೇಲೆ ಒಂದು ಸಾಲನ್ನು ಬದಲಾಯಿಸಿ ನೋಡುವ ಆಸೆ ಹುಟ್ಟುವುದು. ಕಲಿಕೆ ಎಂದರೆ ಇದೇ ಅಲ್ಲವೆ?

ರೇಡಿಯೊ ಕೇಳುವವರಿಗೆ ಪ್ರಿಯವಾಗುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಆಗ ಕ್ರಮವಿಧಿಗಳನ್ನು ಸಾಮಾನ್ಯವಾಗಿ ಹಾಡಿನ ಕ್ಯಾಸೆಟ್ಟಿನಲ್ಲಿಯೇ ಧ್ವನಿಯ ರೂಪದಲ್ಲಿ ತುಂಬಿಡುತ್ತಿದ್ದರು. ಧ್ವನಿಯಾದ ಮೇಲೆ ಅದನ್ನು ಬಾನುಲಿಯಲ್ಲಿ ಬಿತ್ತರಿಸಲು ಅಡ್ಡಿಯೇನು? ಹಾಲೆಂಡಿನ ರೇಡಿಯೊದವರು ಹಾಗೆಯೇ ಮಾಡಿದರು. ಬೇರೆ ಬೇರೆ ಯಂತ್ರಗಳಿಗೆ ಹೊಂದುವಂತೆ ಬೇಸಿಕೋಡ್ ಎಂಬ ಒಂದು ಸಾಮಾನ್ಯ ಪದ್ಧತಿಯನ್ನು ಏರ್ಪಡಿಸಿ, ಕ್ರಮವಿಧಿಗಳನ್ನು ಕಿರುಚು ದನಿಯಾಗಿ ಪ್ರಸಾರಮಾಡಿದರು. ಕೇಳುಗರು ಅದನ್ನು ಟೇಪಿನಲ್ಲಿ ಹಿಡಿದು ಯಂತ್ರಕ್ಕೆ ಊಡಿದರು. 1984ರಲ್ಲಿ ಬಿ.ಬಿ.ಸಿ. ರೇಡಿಯೊ ಕೂಡ ಈ ಪದ್ಧತಿಯನ್ನು ಅನುಸರಿಸಿತು.

ಅದೇ 1984ರ ಸೆಪ್ಟೆಂಬರಿನಲ್ಲಿ ಬಿ.ಬಿ.ಸಿ. ಮೈಕ್ರೊ ಯಂತ್ರಕ್ಕಾಗಿ ‘ಎಲೀಟ್’ ಎಂಬ ಆಟ ಪ್ರಕಟವಾಯಿತು. ಕಟ್ಟಿದವರು ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬೆನ್. ಕೇಂಬ್ರಿಜಿನ ಜೀಸಸ್ ಕಾಲೇಜಿನಲ್ಲಿ ಓದುತ್ತಿದ್ದ, ಇಪ್ಪತ್ತರ ಆಸುಪಾಸಿನ ತರುಣರು. ಆಟಗಾರ ಒಂದು ಆಕಾಶನೌಕೆಯ ಒಡೆಯ. ಕೈಯಲ್ಲಿ 100 ನಾಣ್ಯ. ಒಂದು ಗ್ರಹದಲ್ಲಿ ಧಾನ್ಯವನ್ನೋ ಬಟ್ಟೆಯನ್ನೋ ಕೊಂಡು ಇನ್ನೊಂದರಲ್ಲಿ ಮಾರಬೇಕು; ದಾರಿಯಲ್ಲಿ ಕಳ್ಳರೊಡನೆ ಸೆಣಸಬೇಕು. ನಿಷಿದ್ಧ ಸರಕನ್ನು ಸಾಗಿಸಿದರೆ ಲಾಭ ಹೆಚ್ಚು, ಆದರೆ ಪೊಲೀಸರು ಬೆನ್ನುಹತ್ತುವರು. ಯಾವ ದಾರಿ ಹಿಡಿಯಬೇಕೆಂಬುದು ಆಟಗಾರನ ವಿವೇಕಕ್ಕೆ ಬಿಟ್ಟದ್ದು. ಅಂದಿನ ಆಟಗಳೆಂದರೆ ಮೂರು ಜೀವ, ಹತ್ತು ನಿಮಿಷ, ಕೊನೆಗೆ ಅಂಕ. ಈ ಸಂಪ್ರದಾಯವನ್ನು ಮೀರಿದ ಆಟವನ್ನು ತರುಣರು ಮೊದಲು ಒಯ್ದು ತೋರಿಸಿದ ಪ್ರಕಾಶಕರು ಒಪ್ಪಲಿಲ್ಲ. ಕೊನೆಗೆ ಏಕಾರ್ನ್‌ಸಾಫ್ಟಿನವರು ಪ್ರಕಟಿಸಿದರು.

ನೌಕೆಗಳು ಪರದೆಯ ಮೇಲೆ ಬರಿಯ ಗೆರೆಗಳಿಂದ ಮೂಡುತ್ತಿದ್ದವು. ಕಾಗದ ಅಂಟಿಸುವ ಮುನ್ನ ಕಡ್ಡಿಗಳಿಂದ ಕಟ್ಟಿದ ಆಕಾಶಬುಟ್ಟಿಯನ್ನು ನೆನೆಯಿರಿ. ಅದನ್ನು ತಿರುಗಿಸಿದಂತೆ ನೌಕೆಯೂ ತಿರುಗುತ್ತಿತ್ತು. ಆದರೆ ನಿಜವಾದ ವಿಸ್ಮಯ ಬೇರೆ. ಆಟದಲ್ಲಿದ್ದುದು 8 ನಕ್ಷತ್ರಮಂಡಲಗಳು, ಒಂದೊಂದರಲ್ಲಿ 256 ಲೋಕಗಳು, ಒಟ್ಟು 2,048. ಪ್ರತಿಯೊಂದಕ್ಕೂ ಒಂದು ಹೆಸರು, ಸ್ಥಾನ, ಆಡಳಿತ ಪದ್ಧತಿ, ಜನಸಂಖ್ಯೆ, ಪೇಟೆಯ ಧಾರಣೆ. ಯಂತ್ರದ ಜ್ಞಾಪಕಶಕ್ತಿಯೋ ಒಟ್ಟು 32 ಕಿಲೋಬೈಟು, ಎಂದರೆ 32,768 ರೋಮನ್ ಅಕ್ಷರಗಳಷ್ಟು. ಒಂದು ಸಣ್ಣ ಪುಸ್ತಿಕೆಯ ಗಾತ್ರ. ಅದರಲ್ಲಿ ಪರದೆಯ ಚಿತ್ರಕ್ಕೆ ಒಂದು ಪಾಲು ಹೋದರೆ ಆಟಕ್ಕೆ ಉಳಿದದ್ದು ಸುಮಾರು 22. ಇಂದು ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೂ ಇದರ ಎಷ್ಟೋ ಪಾಲು ಹೆಚ್ಚು ಜಾಗ ಬೇಕು. ಇಷ್ಟರಲ್ಲಿ ಎರಡು ಸಾವಿರ ಲೋಕಗಳು ಅಡಗಿದ್ದೆಲ್ಲಿ?

ಎಲ್ಲಿಯೂ ಅಡಗಿರಲಿಲ್ಲ ಎಂಬುದೇ ಉತ್ತರ. ಲೋಕಗಳನ್ನು ಬರೆದಿಟ್ಟಿರಲಿಲ್ಲ, ಅವುಗಳನ್ನು ಹುಟ್ಟಿಸುವ ನಿಯಮವನ್ನು ಮಾತ್ರ ಬರೆದಿಟ್ಟಿದ್ದರು. ಒಂದು ಕಾಗದ ತೆಗೆದುಕೊಂಡು 2, 3, 5 ಎಂದು ಬರೆಯಿರಿ. ಮೂರನ್ನೂ ಕೂಡಿದರೆ 10. ಕೊನೆಯ ಅಂಕಿ 0 ಅನ್ನು ಮಾತ್ರ ಮುಂದೆ ಬರೆಯಿರಿ. ಈಗ ಕೊನೆಯ ಮೂರು ಅಂಕಿಗಳು 3, 5, 0, ಕೂಡಿದರೆ 8. ಮುಂದೆ 5, 0, 8. ಕೂಡಿದರೆ 13, ಬರೆಯುವುದು 3. ಹೀಗೆಯೇ 1, ಆಮೇಲೆ 2. ಸಾಲನ್ನು ನೋಡಿದರೆ ಯಾವ ಕ್ರಮವೂ ಇಲ್ಲದಂತೆ ತೋರುವುದು. ಆದರೆ ಯಾರು, ಎಲ್ಲಿ, ಯಾವಾಗ ಮಾಡಿದರೂ ಅದೇ ಸಾಲು. ಎಲೀಟಿನಲ್ಲಿ ನಡೆದದ್ದು ಇದೇ. ಬೀಜರೂಪದ ಮೂರು ದೊಡ್ಡ ಸಂಖ್ಯೆಗಳು. ಅವುಗಳನ್ನು ಕೂಡಿ, ಮಿಕ್ಕಿದ್ದನ್ನು ತೊರೆದು, ಹೊಸ ಸಂಖ್ಯೆಗಳನ್ನು ಪಡೆಯುವುದು. ಆ ಸಂಖ್ಯೆಗಳ ಒಂದೊಂದು ಭಾಗದಿಂದ ಲೋಕದ ಒಂದೊಂದು ಲಕ್ಷಣವನ್ನು ಓದುವುದು. ಹೆಸರುಗಳಿಗೆ ಎರಡೆರಡು ಅಕ್ಷರಗಳ ಜೋಡಿಗಳ ಒಂದು ಪಟ್ಟಿ. ಜೋಡಿಗಳನ್ನು ಸೇರಿಸಿದಾಗ ಲಾವೆ, ಡೀಸೊ, ರೀಡ್ಕ್ವಾಟ್ ಮೊದಲಾದ ಹೆಸರುಗಳು ತಾವಾಗಿಯೇ ಮೂಡಿದವು. ಒಂದು ನಕ್ಷತ್ರಮಂಡಲದಲ್ಲಿ ಅಸಭ್ಯವಾದ ಹೆಸರೊಂದು ಹುಟ್ಟಿತೆಂದು ಇಡೀ ಮಂಡಲವನ್ನೇ ಕೈಬಿಟ್ಟರು! ಬೀಜವನ್ನು ಬದಲಾಯಿಸಿದರೆ ಬೇರೊಂದು ಬ್ರಹ್ಮಾಂಡ ಸಿದ್ಧ, ಚಿಂತೆಯೇನು?

ವ್ಯಾಕರಣ ಓದಿದವರಿಗೆ ಈ ಮಾರ್ಗ ಅಪರಿಚಿತವಲ್ಲ. ಭಾಷೆಯಲ್ಲಿ ಪದಗಳು ಅಸಂಖ್ಯ. ಎಲ್ಲವನ್ನೂ ಪಟ್ಟಿಮಾಡಲು ಆಯುಷ್ಯ ಸಾಲದು. ಅದಕ್ಕಾಗಿಯೇ ಸೂತ್ರ. ಭಟ್ಟಾಕಳಂಕದೇವ 1604ರಲ್ಲಿ ಕನ್ನಡದ ಲಕ್ಷಣವನ್ನು ಹೇಳಲು ರಚಿಸಿದ ಸೂತ್ರಗಳು 592. ಧಾತುವೂ ಪ್ರತ್ಯಯವೂ ನಿಯಮವೂ ತಿಳಿದರೆ ಹಿಂದೆಂದೂ ಕೇಳದ ರೂಪವನ್ನೂ ನಾವೇ ಸಾಧಿಸಬಹುದು. ಒಂದಕ್ಷರ ಉಳಿದರೆ ಹಬ್ಬವೆಂದು ಭಾವಿಸುವ ಶಾಸ್ತ್ರಕಾರರ ಮಿತವ್ಯಯಕ್ಕೂ ಒಂದು ಬೈಟು ಉಳಿಸಲು ರಾತ್ರಿ ಕಳೆಯುತ್ತಿದ್ದ ತರುಣರ ಮಿತವ್ಯಯಕ್ಕೂ ಜಾತಿ ಒಂದೇ. ಬಡತನವೇ ಅವರಿಗೆ ಗುರುವಾಯಿತು.

ನಮ್ಮ ದೇಶಕ್ಕೂ ಬಿ.ಬಿ.ಸಿ. ಮೈಕ್ರೊ ಬಂದಿತ್ತು. 1984–85ರಲ್ಲಿ ಭಾರತ ಸರಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ ಈ ಯಂತ್ರವನ್ನೇ ಒದಗಿಸಿತು. ಅಪ್ಪಣೆ ಕೇಳುವ ಆ ಕಪ್ಪು ಪರದೆಯನ್ನು ನಮ್ಮ ಹುಡುಗರೂ ಕಂಡರು.

ಮುಂದೆ ಯಂತ್ರಗಳು ಸಿರಿವಂತವಾದವು. ಪರದೆಯ ಬಣ್ಣಗಳು ಹೆಚ್ಚಿದವು, ಆಟಗಳು ಅಂಗಡಿಯಿಂದ ಸಿದ್ಧವಾಗಿ ಬಂದವು. ಒಡಲು ಮಾತ್ರ ಮುಚ್ಚಿಹೋಯಿತು. ಇದರ ಫಲ ಕೇಂಬ್ರಿಜಿನಲ್ಲಿಯೇ ಕಂಡಿತು. 2006ರ ಸುಮಾರಿಗೆ, ಗಣಕವಿಜ್ಞಾನ ಓದಲು ಅರ್ಜಿ ಹಾಕುವವರು ಕಡಿಮೆಯಾದರೆಂದೂ, ಬರುವವರಿಗೆ ಕ್ರಮವಿಧಿ ಬರೆದ ಅಭ್ಯಾಸ ಹಿಂದಿನಷ್ಟಿಲ್ಲವೆಂದೂ ಎಬೆನ್ ಆಪ್ಟನ್ ಮೊದಲಾದವರು ಗಮನಿಸಿದರು. ಹುಡುಗರು ಕಂಪ್ಯೂಟರನ್ನು ಬಳಸಬಲ್ಲವರಾಗಿದ್ದರು. ಅದಕ್ಕೆ ಅಪ್ಪಣೆ ಕೊಡಬಲ್ಲವರಾಗಿರಲಿಲ್ಲ. ಅಗ್ಗವಾದ, ಬಿಚ್ಚಿ ನೋಡಬಹುದಾದ ಯಂತ್ರವೊಂದನ್ನು ಮಕ್ಕಳ ಕೈಗೆ ಮತ್ತೆ ಕೊಡಬೇಕೆಂದು ಒಂದು ಪ್ರತಿಷ್ಠಾನ ಹುಟ್ಟಿತು. 2012ರ ಫೆಬ್ರುವರಿ 29ರಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರ 35 ಡಾಲರಿಗೆ ಮಾರಾಟಕ್ಕೆ ಬಂದಿತು. ಆ ಪ್ರತಿಷ್ಠಾನವನ್ನು ಕಟ್ಟಿದವರಲ್ಲಿ ಒಬ್ಬರು ಎಲೀಟ್ ಆಟವನ್ನು ರಚಿಸಿದ ಡೇವಿಡ್ ಬ್ರೇಬೆನ್ ಅವರೇ!

ಆದುದರಿಂದ ಮಕ್ಕಳ ಕೈಯಿಂದ ಆಟವನ್ನು ಕಿತ್ತುಕೊಳ್ಳುವುದಕ್ಕೆ ಮೊದಲು ತಂದೆತಾಯಿಗಳು ಒಂದು ಪ್ರಶ್ನೆ ಕೇಳಿ ನೋಡಬಹುದು: ‘ಇದು ಹೀಗೆ ನಡೆಯುವಂತೆ ಯಾರು, ಯಾವ ನಿಯಮದಿಂದ ಮಾಡಿದರು?’ ಉತ್ತರ ಒಡನೆ ಬಾರದಿರಬಹುದು. ಆಗ ಕಾಗದ ಕೊಟ್ಟು 2, 3, 5 ಎಂದು ಬರೆಸಿ. ಆ ಅಂಕಿಗಳಿಂದ ಒಂದು ಊರನ್ನು ಹುಟ್ಟಿಸಿ ಹೆಸರಿಡು ಎನ್ನಿ. ಕಾಗದ ಪೆನ್ಸಿಲುಗಳಲ್ಲಿ ಒಂದೂರನ್ನು ಕಟ್ಟಿದ ಮಗು ಅಂಗೈಯ ಯಂತ್ರವನ್ನು ಬೇರೆಯ ಕಣ್ಣಿನಿಂದ ನೋಡುವುದರಲ್ಲಿ ಸಂದೇಹವಿಲ್ಲ.