ರೆಪ್ಪೆ ಬಡಿಯುವ ಹಲ್ಲಿ

ಇವತ್ತು ಸಂಜೆ ಟ್ಯೂಬ್‌ಲೈಟಿನ ಪಕ್ಕ ಹುಳಕ್ಕಾಗಿ ಹೊಂಚು ಹಾಕಿ ಕೂತ ಹಲ್ಲಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಅದು ಒಮ್ಮೆಯೂ ರೆಪ್ಪೆ ಬಡಿಯುವುದಿಲ್ಲ. ಬಡಿಯೋಣವೆಂದರೆ ಅದಕ್ಕೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆ ಕಾಯಮ್ಮಾಗಿ ಕೂತಿದೆ. ಧೂಳು ಬಿದ್ದರೆ ನಾಲಿಗೆ ಚಾಚಿ ಆ ಪೊರೆಯನ್ನು ಒರೆಸಿಕೊಳ್ಳುತ್ತದೆ.

ಆದರೆ ರೆಪ್ಪೆ ಬಡಿಯುವ ಹಲ್ಲಿಗಳೂ ಇವೆ ಮಕ್ಕಳೇ. ಮಲಗುವಾಗ ಅವು ಕಣ್ಣು ಮುಚ್ಚುತ್ತವೆ, ಎದ್ದ ಮೇಲೆ ನಿಧಾನಕ್ಕೆ ತೆರೆಯುತ್ತವೆ. ಅಂಥವುಗಳಲ್ಲಿ ಜಗತ್ತಿಗೆಲ್ಲ ಪರಿಚಯವಾದದ್ದು ಲೆಪರ್ಡ್ ಗೆಕೊ. ಹಳದಿ ಮೈ, ಮೇಲೆ ಕಪ್ಪು ಚುಕ್ಕೆ. ಅದಕ್ಕೇ ನಾವು ಇದನ್ನು ಚಿರತೆ ಹಲ್ಲಿ ಎನ್ನೋಣ. ಅಮೆರಿಕ, ಯುರೋಪುಗಳಲ್ಲಿ ಲಕ್ಷಾಂತರ ಮನೆಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಪರದೇಶದಲ್ಲಿರುವ ನೆಂಟರ ಮಕ್ಕಳು ಅಂಗೈ ಮೇಲೆ ಇದನ್ನು ಕೂರಿಸಿಕೊಂಡು ಫೋನಿನಲ್ಲಿ ನಿಮಗೆ ತೋರಿಸಿರಲೂಬಹುದು.

ಉಮರ್ಗಾ, ನಿಲಂಗಾ, ಉದಗೀರದ ಮಕ್ಕಳಿಗೆ ಈ ಪ್ರಾಣಿಯ ಕಥೆಯನ್ನೇ ಯಾಕೆ ಹೇಳಬೇಕು? ಇದು ಹಿಮ ಬೀಳುವ ದೇಶದ ಜೀವಿಯಲ್ಲ, ನಮ್ಮ ಸೀಮೆಯಂಥ ಒಣ ನೆಲದ ಮಗು. 1854ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಆಗ ಅವನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ. ಅವನ ಕೈಗೆ ಬಂದ ಹಲ್ಲಿ ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಉಪ್ಪಿನ ಬೆಟ್ಟಗಳದ್ದು. ಇದೇ ಬಳಗದ ಇನ್ನೊಂದು ಜಾತಿ ಗುಜರಾತ್ ಮತ್ತು ಮಹಾರಾಷ್ಟ್ರದ ಒಣ ಗುಡ್ಡಗಳಲ್ಲಿದೆ. ಮತ್ತೊಂದು ಜಾತಿಯನ್ನು ಸಂಶೋಧಕ ಜೀಶಾನ್ ಮಿರ್ಜಾ ಮತ್ತು ಸಂಗಡಿಗರು 2014ರಲ್ಲಿ ಸಾತ್ಪುಡಾ ಬೆಟ್ಟಗಳಿಂದ ವರದಿ ಮಾಡಿದರು. 2022ರಲ್ಲಿ ಪೂರ್ವಘಟ್ಟದ ಕಡೆಯಿಂದ ಇನ್ನೂ ಒಂದು ಬೆಳಕಿಗೆ ಬಂತು. ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ಆಮೇಲೆ ಗಡಿಯ ಗೆರೆ ಸರಿಯಿತು. ಹಲ್ಲಿಗಳ ಗಡಿಯನ್ನು ಎಳೆಯುವುದು ಮಾತ್ರ ಮಳೆ, ಕಲ್ಲು ಮತ್ತು ಚಳಿ.

ಗೋಡೆಯ ಹಲ್ಲಿಗೂ ಚಿರತೆ ಹಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಕಾಲಿನಲ್ಲಿದೆ. ಗೋಡೆಯ ಹಲ್ಲಿಯ ಬೆರಳಿನ ಅಡಿ ಪಟ್ಟಿಪಟ್ಟಿಯಾಗಿರುತ್ತದೆ. ಆ ಪಟ್ಟಿಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಈಶಾನ್ಯ ಭಾರತದ ಕಾಡುಗಳಲ್ಲೂ ಇರುವ ಟೊಕೆ ಗೆಕೊ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಕೂದಲುಗಳಿವೆ. ಪ್ರತಿ ಕೂದಲಿನ ತುದಿ ಮತ್ತೆ ನೂರಾರು ಎಳೆಗಳಾಗಿ ಸೀಳಿದೆ. ಅಷ್ಟು ಸೂಕ್ಷ್ಮ ತುದಿ ಗೋಡೆಗೆ ತೀರ ಹತ್ತಿರ ಬಂದಾಗ ಅಣುಅಣುಗಳ ನಡುವೆ ಸಣ್ಣ ಸೆಳೆತ ಹುಟ್ಟುತ್ತದೆ. ಲಕ್ಷಾಂತರ ಸಣ್ಣ ಸೆಳೆತಗಳು ಕೂಡಿದರೆ ಹಲ್ಲಿ ಸೂರಿನಿಂದ ತಲೆಕೆಳಗಾಗಿ ಜೋತಾಡಬಹುದು. ಅಂಟೂ ಬೇಡ, ಗೋಂದೂ ಬೇಡ. ಚಿರತೆ ಹಲ್ಲಿಗೆ ಈ ಪಟ್ಟಿಗಳಿಲ್ಲ, ಬರೀ ಉಗುರುಗಳಿವೆ. ಕಲ್ಲು ಹತ್ತುತ್ತದೆ, ಮಣ್ಣು ಕೆದರುತ್ತದೆ, ಗಾಜಿನ ಮೇಲೆ ಜಾರುತ್ತದೆ. ಗಾಜಿನ ಪೆಟ್ಟಿಗೆಯ ಗೋಡೆ ಹತ್ತಿ ಹೊರಬರಲು ಅದಕ್ಕೆ ಆಗದಿರುವುದು ಇದರಿಂದಲೇ.

ಇನ್ನು ಬಾಲ. ಚೆನ್ನಾಗಿ ಉಂಡ ಚಿರತೆ ಹಲ್ಲಿಯ ಬಾಲ ಕುತ್ತಿಗೆಗಿಂತ ದಪ್ಪ. ಹಿಂದೆ ನಮ್ಮ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು, ಬರಗಾಲಕ್ಕೆ ತೆಗೆಯುತ್ತಿದ್ದರು. ಈ ಹಲ್ಲಿ ತನ್ನ ಹಗೇವನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತದೆ. ಬಾಲದ ತುಂಬ ಕೊಬ್ಬು. ಹುಳ ಸಿಗದ ದಿನಗಳಲ್ಲಿ ಅದೇ ಕರಗಿ ಅನ್ನವಾಗುತ್ತದೆ. ಸಾಕಿದವರು ಹಲ್ಲಿಯ ಆರೋಗ್ಯ ತಿಳಿಯಲು ಮೊದಲು ನೋಡುವುದೂ ಬಾಲವನ್ನೇ: ಅದು ಸಣಕಲಾದರೆ ಏನೋ ತೊಂದರೆ. ವೈರಿ ಹಿಡಿದರೆ ಬಾಲವನ್ನು ಕಳಚಿ ಓಡುತ್ತದೆ. ಮತ್ತೆ ಬಾಲ ಬೆಳೆಯುತ್ತದೆ ನಿಜ, ಆದರೆ ಮೊದಲಿನ ಉಂಗುರ ಉಂಗುರದ ಚಂದ ಮರಳುವುದಿಲ್ಲ. ಮೊಂಡಾಗಿ, ನುಣುಪಾಗಿ ಉಳಿಯುತ್ತದೆ. ಕೂಡಿಟ್ಟ ಅನ್ನ ಒಂದೇ ಕ್ಷಣದಲ್ಲಿ ಹೋಗಿಬಿಡುತ್ತದೆ. ಬಾಲ ಹಿಡಿದು ಎತ್ತಬಾರದು ಎನ್ನುವುದು ಅದಕ್ಕೆ.

ನೀರಿನಲ್ಲೂ ಇದು ಜಿಪುಣ. 2016ರ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಮನೆಯ ಹಿರಿಯರು ನಿಮಗೆ ಹೇಳಿರುತ್ತಾರೆ. ಅಂಥ ಒಣ ನೆಲದಲ್ಲಿ ಬದುಕಬೇಕಾದ ಪ್ರಾಣಿ ಮೂತ್ರಕ್ಕೆಂದು ನೀರು ಚೆಲ್ಲುತ್ತ ಕೂರಲಾರದು. ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ನೋಡಿದ್ದೀರಲ್ಲ? ಅದೇ ಅದರ ಮೂತ್ರ. ಮೈಯಿಂದ ಹೊರಹಾಕಬೇಕಾದ ಸಾರಜನಕದ ಕಸವನ್ನು ಅದು ಯೂರಿಕ್ ಆಮ್ಲವಾಗಿ ಗಟ್ಟಿ ಮಾಡಿ ಬಿಡುತ್ತದೆ, ನೀರನ್ನು ಒಳಗೇ ಉಳಿಸಿಕೊಳ್ಳುತ್ತದೆ.

ಈಗ ಸಾಕಣೆಯ ವಿಷಯಕ್ಕೆ ಬರೋಣ. ಚಿರತೆ ಹಲ್ಲಿಯನ್ನು ಚೆನ್ನಾಗಿ ಸಾಕುವುದೆಂದರೆ ಪೆಟ್ಟಿಗೆಯೊಳಗೆ ಒಂದು ತುಂಡು ಕಲ್ಲುಗುಡ್ಡವನ್ನು ಮಾಡಿಕೊಡುವುದು, ಇಷ್ಟೇ ನನಗೆ ಮುಖ್ಯವೆನಿಸುವುದು. ನಮ್ಮ ಮೈಗೆ ತನ್ನದೇ ಬಿಸಿ ಇದೆ. ಹಲ್ಲಿಗೆ ಬಿಸಿ ಹೊರಗಿನಿಂದ ಬರಬೇಕು. ತಿಂದ ಹುಳ ಅರಗಬೇಕಾದರೂ ಹೊಟ್ಟೆ ಬೆಚ್ಚಗಾಗಬೇಕು. ಹಾಗಾಗಿ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರ ಆಸುಪಾಸು ಇರಬೇಕು. ಬೇಕೆನಿಸಿದಾಗ ಬಿಸಿ ಕಡೆಗೆ, ಸಾಕೆನಿಸಿದಾಗ ತಂಪಿನ ಕಡೆಗೆ ಅದು ತಾನೇ ನಡೆದುಕೊಳ್ಳುತ್ತದೆ. ಕಾಡಿನಲ್ಲಿ ಮಾಡುವುದೂ ಇದನ್ನೇ: ಮುಸ್ಸಂಜೆ ಹೊರಗೆ ಬಂದು, ಹಗಲಿಡೀ ಕಾದ ಬಂಡೆಗೆ ಹೊಟ್ಟೆ ಒತ್ತಿ ಮಲಗುತ್ತದೆ.

ಸಾಕಣೆಯ ಪುಸ್ತಕಗಳನ್ನು ಹೆಚ್ಚಾಗಿ ಬರೆದವರು ಚಳಿ ದೇಶದವರು. ಅವರ ಚಿಂತೆಯೆಲ್ಲ ಪೆಟ್ಟಿಗೆಯನ್ನು ಬೆಚ್ಚಗಿಡುವುದು ಹೇಗೆ ಎಂದು. ನಮ್ಮ ಕಡೆಯ ಚಿಂತೆ ಬೇರೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಪತ್ರಾಸಿನ ಮನೆಯೊಳಗೆ ಇನ್ನೂ ಹೆಚ್ಚು. ಗುಡ್ಡದಲ್ಲಾದರೆ ಹಲ್ಲಿ ಬಿರುಕಿನ ಆಳಕ್ಕೆ ಇಳಿದು ಪಾರಾಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಇಳಿಯಲು ಆಳವೆಲ್ಲಿದೆ? ಅದಕ್ಕೇ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಎಂದೂ ಇಡಬಾರದು. ಮನೆಯ ಅತಿ ತಂಪಾದ ಮೂಲೆ ಬೇಕು, ನೆಲದ ಮಟ್ಟದಲ್ಲಿ. ಕರೆಂಟು ಹೋಗುವ ಊರಿನಲ್ಲಿ ಫ್ಯಾನನ್ನೇ ನಂಬಿ ಕೂರಲಾಗದು, ಒದ್ದೆ ಗೋಣಿಚೀಲ ತೂಗಿಬಿಟ್ಟರೆ ಕೋಣೆ ತಂಪಾಗುತ್ತದೆ. ಜನವರಿಯಲ್ಲಿ ರಾತ್ರಿ 10-12 ಡಿಗ್ರಿಗೆ ಇಳಿದಾಗ ಮಾತ್ರ ಪುಸ್ತಕದವರ ಮಾತು ಕೇಳಿ ಬಿಸಿ ಕೊಡಬೇಕು. ಆ ಬಿಸಿಗೂ ಥರ್ಮೊಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಸುಡುತ್ತದೆ.

ಅಡಗಲು ಮೂರು ಜಾಗ ಬೇಕು. ಬಿಸಿ ಕಡೆ ಒಂದು, ತಂಪು ಕಡೆ ಒಂದು, ನಡುವೆ ಒದ್ದೆಯಾದದ್ದು ಒಂದು. ಒಡೆದ ಮಡಕೆಯ ಅರ್ಧ ಭಾಗ ಸಾಕು, ಅಂಚು ಮಾತ್ರ ಚೂಪಿರಬಾರದು. ಒದ್ದೆ ಜಾಗ ಯಾಕೆಂದರೆ ಹಲ್ಲಿ ಪೊರೆ ಕಳಚುತ್ತದೆ. ಕಳಚಿದ ಪೊರೆಯನ್ನು ಎಳೆದೆಳೆದು ತಿಂದೇ ಬಿಡುತ್ತದೆ! ತೇವ ಸಾಲದಿದ್ದರೆ ಬೆರಳ ತುದಿಯಲ್ಲಿ ಪೊರೆ ಉಳಿದು ಬಿಗಿಯುತ್ತದೆ, ರಕ್ತ ಓಡದೆ ಬೆರಳೇ ಉದುರಬಹುದು. ನೆಲಕ್ಕೆ ಸಡಿಲ ಮರಳು ಹಾಸಬೇಡಿ, ಹುಳದ ಜೊತೆ ಮರಿ ಅದನ್ನೂ ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ. ಎರಡು ಗಂಡುಗಳನ್ನು ಕೂಡಿಟ್ಟರೆ ಕಾದಾಡುತ್ತವೆ.

ಊಟಕ್ಕೆ ಹುಳ, ಅದೂ ಜೀವಂತ. ಕಾಯಿಪಲ್ಯೆ, ರೊಟ್ಟಿ, ಅನ್ನ ಇದ್ಯಾವುದನ್ನೂ ಮುಟ್ಟುವುದಿಲ್ಲ. ಚಿಮ್ಮಂಡೆ, ಸಾಕಿದ ಜಿರಳೆ, ಹಿಟ್ಟಿನ ಹುಳ ಆಗುತ್ತವೆ. ಹುಳ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಸೋಯಾ, ತೊಗರಿ ಹೊಲದಿಂದ ಮಿಡತೆ ಹಿಡಿದು ತರಬೇಡಿ. ಅಲ್ಲಿ ಔಷಧ ಹೊಡೆದಿರುತ್ತಾರೆ, ಮಿಡತೆಯ ಮೈಯಲ್ಲಿನ ವಿಷ ಹಲ್ಲಿಗೂ ಏರುತ್ತದೆ. ಮಿಂಚುಹುಳವನ್ನಂತೂ ಕೊಡಲೇಬಾರದು, ಅದನ್ನು ತಿಂದು ಸಾಕಿದ ಓತಿಕ್ಯಾತಗಳು ಸತ್ತದ್ದಿದೆ. ಹುಳಕ್ಕೆ ಸುಣ್ಣದ ಅಂಶದ ಪುಡಿ, ಅಂದರೆ ಕ್ಯಾಲ್ಸಿಯಂ, ಸವರಿ ಕೊಡಬೇಕು, ಜೊತೆಗೆ ಡಿ3 ಜೀವಸತ್ವ. ಇವಿಲ್ಲದಿದ್ದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ, ದವಡೆ ಬಗ್ಗುತ್ತದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಹಲ್ಲಿಗೆ ಏನೂ ಮಾಡದ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆ ಕೆಡಿಸುತ್ತದೆ.

ಇದರ ಮೊಟ್ಟೆಯ ಸಂಗತಿ ನನಗೆ ಬಹಳ ಇಷ್ಟ. ದೇವರ ಫೋಟೊದ ಹಿಂದೆ ಗೋಡೆಯ ಹಲ್ಲಿ ಇಟ್ಟ ಪುಟ್ಟ ಬಿಳಿ ಮೊಟ್ಟೆಗಳನ್ನು ನೀವು ನೋಡಿದ್ದೀರಿ, ಚಿಪ್ಪು ಗಟ್ಟಿ. ಚಿರತೆ ಹಲ್ಲಿಯದೂ ಸಾಮಾನ್ಯವಾಗಿ ಒಮ್ಮೆಗೆ ಎರಡೇ, ಆದರೆ ಚಿಪ್ಪು ಮೆತ್ತಗೆ. ಒಳಗಿನ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಇಟ್ಟಾಗ ಗೊತ್ತಾಗಿರುವುದಿಲ್ಲ! ಅದನ್ನು ತೀರ್ಮಾನಿಸುವುದು ಸುತ್ತಲಿನ ಬಿಸಿ. ಮೊಟ್ಟೆ 26 ಡಿಗ್ರಿಯಲ್ಲಿದ್ದರೆ ಮರಿಗಳೆಲ್ಲ ಹೆಣ್ಣು. ಸುಮಾರು 32.5 ಡಿಗ್ರಿಯಲ್ಲಿ ಹೆಚ್ಚಿನವು ಗಂಡು. ಇನ್ನೂ ಬಿಸಿ ಏರಿಸಿ 34ಕ್ಕೆ ಒಯ್ದರೆ? ಮತ್ತೆ ಹೆಚ್ಚಿನವು ಹೆಣ್ಣು. ಭೂಮಿಯೇ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಒಂದೆರಡು ಡಿಗ್ರಿ ಎಷ್ಟು ದೊಡ್ಡ ಮಾತು ಎಂದು ಈ ಮೊಟ್ಟೆಯನ್ನು ನೋಡಿದರೆ ತಿಳಿಯುತ್ತದೆ.

ಸಾಕುವವರು ಬಣ್ಣದ ಆಸೆಗೆ ಬಿದ್ದು ತಳಿಗಳನ್ನು ಆರಿಸಿ ಆರಿಸಿ ಬೆಳೆಸಿದ್ದಾರೆ. ಬಿಳಿ, ಕಿತ್ತಳೆ, ಚುಕ್ಕೆಯೇ ಇಲ್ಲದ್ದು, ಹೀಗೆ. ಎನಿಗ್ಮಾ ಎಂಬ ತಳಿ ನೋಡಲು ಬಹಳ ಸುಂದರ. ಆದರೆ ಆ ಬಣ್ಣದ ಜೊತೆಗೇ ನರದ ದೋಷವೂ ಬಂತು. ತಲೆ ವಾಲುತ್ತದೆ, ಸುತ್ತಸುತ್ತ ತಿರುಗುತ್ತದೆ, ಹುಳಕ್ಕೆ ಗುರಿಯಿಟ್ಟರೆ ತಪ್ಪುತ್ತದೆ. ನಮ್ಮ ಕಣ್ಣಿನ ಸಂತೋಷಕ್ಕಾಗಿ ಒಂದು ಪ್ರಾಣಿ ಹುಟ್ಟುತ್ತಲೇ ತಲೆತಿರುಗಿ ಬದುಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ನಮಗೂ ಒಂದು ಬೇಕು ಅನ್ನಿಸುತ್ತಿದೆಯೇ? ಮೊದಲು ಲೆಕ್ಕ ಹಾಕಿ. ಚೆನ್ನಾಗಿ ನೋಡಿಕೊಂಡರೆ ಇದು 15ರಿಂದ 20 ವರ್ಷ ಬದುಕುತ್ತದೆ. ನಾಲ್ಕನೇ ಇಯತ್ತೆಯಲ್ಲಿ ತಂದರೆ, ನೀವು ಕಾಲೇಜು ಮುಗಿಸಿ ನೌಕರಿಗೆ ಹೋದ ಮೇಲೂ ಅದಕ್ಕೆ ಹುಳ ಬೇಕು. ಕಾಯಿಲೆ ಬಿದ್ದರೆ ವೈದ್ಯರು ಬೇಕು. ಉದಗೀರದಲ್ಲಿ ಪಶುವೈದ್ಯ ಕಾಲೇಜೇ ಇದೆ, ಈ ಸೀಮೆಯ ದೇವಣಿ ಆಕಳುಗಳಿಗೆ ಅದು ದೊಡ್ಡ ಆಸರೆ. ಆದರೆ ಹಲ್ಲಿಯ ವೈದ್ಯ ಬೇರೆಯದೇ ವಿದ್ಯೆ, ಅದನ್ನು ಬಲ್ಲವರು ಎಲ್ಲಿದ್ದಾರೆಂದು ಮೊದಲೇ ವಿಚಾರಿಸಿಕೊಂಡಿರಬೇಕು. ಗುಡ್ಡದಲ್ಲಿ ಕಂಡ ಹಲ್ಲಿಯನ್ನಂತೂ ಹಿಡಿದು ತರಬೇಡಿ. ಹಲ್ಲಿಯ ದೊಡ್ಡ ನೆಂಟ ಉಡವನ್ನು ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲೇ ಆಗಬಹುದು, ಅದು ಮೊದಲ ಅನುಸೂಚಿಯ ಪ್ರಾಣಿ.

ಹಿಡಿಯುವುದಕ್ಕಿಂತ ಹೆಚ್ಚಾಗಿ ನಮ್ಮಲ್ಲಿ ನಡೆಯುವುದು ಕೊಲ್ಲುವುದು. ಪಟ್ಟೆಪಟ್ಟೆಯ ಮರಿ ಕಂಡರೆ ಸಾಕು, ವಿಷದ್ದು, ಅದರ ಉಸಿರು ತಾಗಿದರೂ ಸಾಯುತ್ತೇವೆ ಎಂದು ಕಲ್ಲೆತ್ತುತ್ತಾರೆ. ಮರಾಠಿ, ಹಿಂದಿ, ಗುಜರಾತಿ ಸೀಮೆಯಲ್ಲೆಲ್ಲ ಈ ಹೆದರಿಕೆ ಇದೆ. ಭಾರತದಲ್ಲಿ ಕಚ್ಚಿ ಮನುಷ್ಯನನ್ನು ಕೊಲ್ಲುವ ಹಲ್ಲಿ ಒಂದೂ ಇಲ್ಲ. ಚಿರತೆ ಹಲ್ಲಿಯ ಮರಿಗೆ ಹಳದಿ-ಕಪ್ಪು ಪಟ್ಟೆ ಇರುತ್ತದೆ, ಬೆಳೆದಂತೆ ಪಟ್ಟೆ ಒಡೆದು ಚುಕ್ಕೆಯಾಗುತ್ತದೆ, ಅಷ್ಟೇ. ಅದು ಬಾಯಿ ತೆರೆದು ಕಿರುಚುವುದು ನಮ್ಮನ್ನು ಕಂಡ ಹೆದರಿಕೆಗೆ. ಮನೆಯೊಳಗೆ ಯಾವುದೇ ಕಾಡುಜೀವಿ ಬಂದು ದಾರಿ ಕಾಣದೆ ಸಿಕ್ಕಿಹಾಕಿಕೊಂಡರೆ ದೊಡ್ಡವರಿಗೆ ಹೇಳಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ನಂಬರಿಗೆ ಫೋನು ಮಾಡಿಸಿ.

ಹಲ್ಲಿ ಸಾಕದೆಯೂ ಹಲ್ಲಿಯ ಬದುಕನ್ನು ಅಳೆಯಬಹುದು. ಶಾಲೆಯಿಂದ ಒಂದು ಥರ್ಮಾಮೀಟರ್ ಕೇಳಿ ಪಡೆಯಿರಿ, ಜ್ವರ ನೋಡುವುದಲ್ಲ, ಪ್ರಯೋಗಶಾಲೆಯದು. ಅಂಗಳದಲ್ಲಿ ಅಗಲವಾದ ಕರಿಕಲ್ಲೊಂದನ್ನು ನೀವೇ ಇಟ್ಟು, ಅಡಿಯಲ್ಲಿ ಥರ್ಮಾಮೀಟರ್ ಹೋಗುವಷ್ಟು ಸಂದು ಬಿಡಿ. ಹೊಲದ ಕಲ್ಲು ಮಾತ್ರ ಎತ್ತಬೇಡಿ, ಅಡಿಯಲ್ಲಿ ಚೇಳಿರುತ್ತದೆ. ನಿಮ್ಮದೇ ಕಲ್ಲಿನ ಸಂದಿಗೂ ಕೈ ಹಾಕುವ ಮುಂಚೆ ಕೋಲಿನಿಂದ ನೋಡಿ, ದೊಡ್ಡವರೊಬ್ಬರು ಜೊತೆಗಿರಲಿ. ಮಧ್ಯಾಹ್ನ ಎರಡಕ್ಕೆ ಕಲ್ಲಿನ ಮೇಲೆ ಎಷ್ಟು, ಅಡಿಯಲ್ಲಿ ಎಷ್ಟು? ರಾತ್ರಿ ಎಂಟಕ್ಕೆ ಎಷ್ಟು? ಮೇ ತಿಂಗಳಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಜನವರಿಯಲ್ಲೊಮ್ಮೆ ಬರೆದಿಡಿ. ಆ ಅಂಕಿಗಳ ಪಕ್ಕದಲ್ಲೇ ಆ ದಿನ ಟ್ಯೂಬ್‌ಲೈಟಿನ ಹತ್ತಿರ ಎಷ್ಟು ಹಲ್ಲಿಗಳು ಬಂದವು, ಎಷ್ಟು ಹೊತ್ತಿಗೆ ಬಂದವು ಎಂಬುದನ್ನೂ ಬರೆಯಿರಿ. ಚಳಿಗಾಲದ ಪುಟದಲ್ಲಿ ಹಲ್ಲಿಗಳು ಯಾಕೆ ಕಡಿಮೆಯಾದವು ಎಂದು ತರಗತಿಯಲ್ಲಿ ಕೂತು ಮಾತಾಡಿ.