ಬಳೆಯೋ, ಬಲೆಯೋ

ಪುಣೆಯಿಂದ ಲೋಕಲ್ ಹಿಡಿದು ಇಲ್ಲಿಗೆ, ತಳೇಗಾಂವಕ್ಕೆ ಬರುವಾಗ ದಾರಿಯಲ್ಲಿ ಪಿಂಪ್ರಿ ಸಿಕ್ಕಿತು. ಆ ಊರೆಂದರೆ ನನಗೆ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, ಅದರ ಬೆನ್ನಿಗೇ ನಮ್ಮ ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಶಿಲೀಂಧ್ರ ಸೋಂಕಿಗೆ ಅವರು ಕಂಡುಹಿಡಿದ ಹ್ಯಾಮೈಸಿನ್ ಕೊಟ್ಟ ಜೀವಿಯ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ನಿಮ್ಮ ಪಕ್ಕದೂರು ಆ ಹೆಸರಿನೊಳಗೇ ಕೂತಿದೆ.

ಆ ಪೀಳಿಗೆಯವರು ಔಷಧ ಹುಡುಕುತ್ತಿದ್ದ ಬಗೆ ನಿಮಗೆ ಗೊತ್ತು. ರೋಗಾಣು ಹರಡಿದ ಅಗಾರ್ ತಟ್ಟೆ, ನಡುವೆ ಪರೀಕ್ಷೆಯ ದ್ರವ, ಮರುದಿನ ಸುತ್ತಲೂ ತಿಳಿಯಾದ ಉಂಗುರ. ನಮ್ಮ ಮೇಷ್ಟ್ರು ಅದನ್ನು ಬಳೆ ಎನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಳೆ ಬಿತ್ತೇನಯ್ಯಾ?" ಎಂದು ಕೇಳುವರು. ಬೀಳದಿದ್ದರೆ ತಟ್ಟೆ ನೇರ ಆಟೋಕ್ಲೇವಿಗೆ. ಹಾಗೆ ನಾನು ಎಸೆದದ್ದರಲ್ಲಿ ಏನೇನಿತ್ತೋ ಎಂಬ ಕಳವಳ ಈಗ ಕಾಡುತ್ತಿದೆ.

ಕಾರಣ ನಮ್ಮ ಹೊಟ್ಟೆಯಲ್ಲೇ ಇದೆ. ಸಣ್ಣಕರುಳಿನ ಪ್ಯಾನೆತ್ ಕೋಶಗಳು ಡಿಫೆನ್ಸಿನ್ 6 ಎಂಬ ಪೆಪ್ಟೈಡನ್ನು ಸ್ರವಿಸುತ್ತವೆ. 32 ಅಮಿನೊ ಆಮ್ಲಗಳ ಪುಟ್ಟ ಸರ. ಅದರ ದಾಯಾದಿಗಳು ಬ್ಯಾಕ್ಟೀರಿಯಾ ಕೊಲ್ಲುತ್ತಿದ್ದರೆ, ಪರೀಕ್ಷೆಗಳಲ್ಲಿ ಇದೊಂದು ಕೈಲಾಗದ್ದೆನಿಸಿಕೊಂಡಿತ್ತು. 2012ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಬೆವಿನ್ಸ್ ತಂಡ ಅದರ ಕಸುಬನ್ನು ಕಂಡಿತು. ಸಾಲ್ಮೊನೆಲ್ಲಾದ ಮೈಮೇಲಿನ ಪ್ರೋಟೀನಿಗೆ ತಗುಲಿದ್ದೇ ಅಣುಗಳು ಒಂದನ್ನೊಂದು ಹಿಡಿದು ಎಳೆಯಾಗುತ್ತವೆ, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಕರುಳಿನ ಗೋಡೆ ದಾಟಲಾರದೆ ಸಿಕ್ಕಿಕೊಳ್ಳುತ್ತದೆ. ಈ ಜೀನ್ ಸೇರಿಸಿದ ಇಲಿಗಳಿಗೆ ಸೋಂಕಿನಿಂದ ರಕ್ಷಣೆ ಸಿಕ್ಕಿತು. ತಟ್ಟೆಯಲ್ಲಿ ಇದಕ್ಕೆ ಬಳೆ ಎಲ್ಲಿಂದ ಬೀಳಬೇಕು?

ಅಣುಗಳು ಹೀಗೆ ಜೋಡಿಕೊಳ್ಳುವುದು ಕೊಲ್ಲಲು ಅಲ್ಲ, ಹಿಡಿದಿಡಲು ಎಂದರೆ ಗೆಳೆಯರು ಒಪ್ಪುವುದಿಲ್ಲ. 2017ರಲ್ಲಿ ಟೆಲ್ ಅವೀವ್‌ನ ಎಹುದ್ ಗಾಜಿಟ್ ತಂಡ, ಎರಡೇ ಫಿನೈಲ್‌ಅಲನಿನ್ ಸೇರಿದ ಪೆಪ್ಟೈಡ್ ತಾನೇ ಜೋಡಿಕೊಂಡು ಬ್ಯಾಕ್ಟೀರಿಯಾದ ಪೊರೆ ಕೆಡಿಸುವುದನ್ನು ತೋರಿಸಿದೆಯಲ್ಲ, ಜೋಡಣೆಯೇ ಕೊಲ್ಲುತ್ತದೆ ಎನ್ನುತ್ತಾರೆ. ಕೊಂದದ್ದು ಆ ಎಳೆಯೋ, ಎಳೆಯಿಂದ ಕಳಚಿ ತೇಲುವ ಒಂಟಿ ಅಣುವೋ ಎಂದು ನಾನು ಪಟ್ಟು ಹಿಡಿಯುತ್ತೇನೆ. ಒಂದೇ ದ್ರವದಲ್ಲಿ ಎರಡೂ ಇರುತ್ತವೆ. ಒಂದನ್ನು ತೆಗೆದಿಟ್ಟರೆ ಉಳಿದದ್ದರಿಂದ ಅದು ಮತ್ತೆ ಹುಟ್ಟಿಕೊಳ್ಳುತ್ತದೆ.

ನನ್ನ ವಾದಕ್ಕೂ ತೊಡಕಿದೆ. ಡಿಫೆನ್ಸಿನ್ 6ರ ಗಂಧಕದ ಕೊಂಡಿಗಳನ್ನು ಬಿಡಿಸಿದರೆ ಅದೂ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತದೆಂದು ಆಮೇಲೆ ಗೊತ್ತಾಯಿತು. ಹಾಗಾದರೆ ಕರುಳಿನಲ್ಲಿ ಅದು ಯಾವ ಹೊತ್ತಿಗೆ ಯಾವ ರೂಪದಲ್ಲಿರುತ್ತದೆ? ಕೊಲ್ಲದೆ ಹಿಡಿದಿಟ್ಟರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುವುದು ತಡವಾದೀತೆ? ಹಿಡಿದಿಟ್ಟದ್ದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಮೇಷ್ಟ್ರು ಇವತ್ತು ಈ ಮುಂದಿನ ಸಾಲಿನಲ್ಲಿ ಕೂತಿದ್ದಿದ್ದರೆ, ಬಳೆ ಬೀಳದ ತಟ್ಟೆಯನ್ನು ಅವರ ಕೈಗೆ ಏನೆಂದು ಹೇಳಿ ಕೊಡಲಿ?